ಲಿನಕ್ಸಿನ ಸ್ವೋಪಜ್ಞತೆ

ಗಣಕಯಂತ್ರವನ್ನು ನಡೆಯಿಸುವ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಲಿನಕ್ಸೆಂಬುದು ಬರಿಯ ಅನುಕರಣವೆಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪವು ಅರ್ಧ ನಿಜ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಥಾಂಪ್ಸನ್, ರಿಚಿ ಎಂಬವರು ಆರಂಭಿಸಿದ ಯುನಿಕ್ಸಿನ ಮಾರ್ಗವನ್ನೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸರು ಹಿಡಿದರು. ಬರೆಹ ಮಾತ್ರ ತಮ್ಮದು. ಮರುವರ್ಷವೇ ಪ್ರೊಫೆಸರ್ ಟ್ಯಾನೆನ್‌ಬಾಮರು ಅದರ ರಚನೆಯನ್ನು ಹಳತೆಂದು ಹಳಿದರು. ಮಾರ್ಗವು ಹಳತಾದರೇನು? ಹಾವೇರಿ ಸೀಮೆಯ ಗಳಗನಾಥರು ಮರಾಠಿಯ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿದರು. ಕಥೆ ಪರರದೆಂದು ಆ ಕನ್ನಡವನ್ನು ಹೀಗಳೆಯುವುದು ನ್ಯಾಯವಲ್ಲ.

ಲಿನಕ್ಸಿನ ನೂತನತ್ವವು ಅದರ ನಿಬಂಧನೆಯಲ್ಲಿದೆ. ಹಣಕ್ಕೆ ಹಂಚಕೂಡದೆಂಬ ಮೊದಲ ಕಟ್ಟಳೆಯನ್ನು 1992ರಲ್ಲಿ ತೊರೆದು, ಟೋರ್ವಾಲ್ಡ್ಸರು ಸ್ಟಾಲ್ಮನ್ನರ ಗ್ನೂ ಪರವಾನಗಿಯನ್ನು ಅಂಗೀಕರಿಸಿದರು. ಅದರಂತೆ ಯಾರೂ ತಿದ್ದಬಹುದು, ಮಾರಲೂಬಹುದು. ಆದರೆ ತಿದ್ದಿ ಹಂಚುವವನು ಪಡೆದವರಿಗೆ ಮೂಲಬರೆಹವನ್ನೂ ಕೊಡತಕ್ಕದ್ದು. ಈ ಪರವಾನಗಿಯ ಕರ್ತೃತ್ವವೂ ಟೋರ್ವಾಲ್ಡ್ಸರದಲ್ಲ. ಅದನ್ನು ಆರಿಸಿಕೊಂಡ ವಿವೇಕವು ಅವರದು. ಅಂದಿನಿಂದ ಆ ಕೃತಿಗೆ ಸಹಸ್ರಾರು ಕರ್ತೃಗಳಾದರು.

ಕನ್ನಡಕ್ಕೆ ದೊರೆತ ಲಾಭವೂ ಇದರಿಂದಲೇ. ಲಿನಕ್ಸಿನ ಮೇಲೆ ಕಟ್ಟಿದ ಡೆಬಿಯನ್ ಎಂಬ ಸಂಗ್ರಹದಲ್ಲಿ ಕೇದಗೆ, ಮಲ್ಲಿಗೆ ಎಂಬ ಕನ್ನಡ ಅಕ್ಷರರೂಪಗಳು ಸೇರಿವೆ. ಮಾರುವ ಸಂಸ್ಥೆಯೊಂದು ನಮ್ಮ ನುಡಿಯಲ್ಲಿ ಲಾಭವಿದೆಯೇ ಎಂದು ಎಣಿಸುವ ತನಕ ಕಾಯಬೇಕಾಗಿಲ್ಲ. ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಯವರೂ ಯಾರ ಅಪ್ಪಣೆಯನ್ನೂ ಬೇಡದೆ ಅದನ್ನು ಪಡೆದು, ತಪ್ಪಿದ್ದಲ್ಲಿ ತಿದ್ದಿಕೊಳ್ಳಬಹುದು.