ವಿಳಾಸದ ಕಲಮು: 1854ರ ಲಂಡನ್ ಕಾಲರಾ ಮತ್ತು ಅಂಕಿಗಳನ್ನು ಚಿತ್ರವಾಗಿಸಿದ ಕಥೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದ ಲಂಡನ್ ನಗರದಲ್ಲಿ ಸಾವಿನ ಲೆಕ್ಕಕ್ಕೆ ಕೊರತೆಯಿರಲಿಲ್ಲ. 1837ರ ಜುಲೈ ತಿಂಗಳಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಜಾರಿಗೆ ಬಂದಿದ್ದು, ಸತ್ತವರ ಹೆಸರು, ವಯಸ್ಸು, ಕಸುಬು, ಸತ್ತ ಜಾಗ ಮತ್ತು ಸಾವಿನ ಕಾರಣಗಳನ್ನು ಬರೆದುಕೊಂಡ ಸ್ಥಳೀಯ ನೋಂದಣಿದಾರರ ವರದಿಗಳು ರಾಜಧಾನಿಯ ಜನರಲ್ ರಿಜಿಸ್ಟರ್ ಆಫೀಸ್ ಎಂಬ ಕೇಂದ್ರ ಕಚೇರಿಯನ್ನು ಸೇರುತ್ತಿದ್ದವು. ಅಲ್ಲಿಂದ ಲಂಡನ್ನಿನ ಮರಣಗಳ ಪಟ್ಟಿ ವಾರಕ್ಕೊಮ್ಮೆ ಅಚ್ಚಾಗಿ ಹೊರಬೀಳುತ್ತಿತ್ತು. ಇಷ್ಟೆಲ್ಲ ಅಂಕಿಗಳು ಕೈಯಲ್ಲಿದ್ದರೂ ಕಾಲರಾ, ಅಂದರೆ ಕನ್ನಡದಲ್ಲಿ ವಾಂತಿಭೇದಿ ಎಂದು ಕರೆಯಲಾಗುವ ರೋಗ, ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರ ದೊರೆತಿರಲಿಲ್ಲ.

ಈ ಕೊರತೆಯ ಮೂಲ ಅಂಕಿಗಳನ್ನು ಜೋಡಿಸಿದ ಕ್ರಮದಲ್ಲಿತ್ತು. ನೋಂದಣಿಯ ಪುಸ್ತಕದಲ್ಲಿ ಒಂದು ಸಾವಿನ ಕೆಳಗೆ ಇನ್ನೊಂದು ಸಾವು ಬರುವುದು, ಅವೆರಡೂ ಒಂದರ ನಂತರ ಒಂದಾಗಿ ವರದಿಯಾದವು ಎಂಬ ಕಾರಣದಿಂದ ಮಾತ್ರ. ಒಂದೇ ಬಾವಿಯ ನೀರು ಕುಡಿದ ನೆರೆಮನೆಯವರಿಬ್ಬರು ಆ ಪುಸ್ತಕದಲ್ಲಿ ಹಲವು ಪುಟಗಳ ಅಂತರದಲ್ಲಿ ಇರಬಹುದಾಗಿತ್ತು. ಕೋಷ್ಟಕವೆಂಬುದು ಬರೆಯುವವನ ಅನುಕೂಲಕ್ಕೆ ಹುಟ್ಟಿದ ವ್ಯವಸ್ಥೆ. ಅದೇ ಅಂಕಿಗಳನ್ನು ನೆಲದ ಮೇಲೆ, ಕಾಲದ ಗೆರೆಯ ಮೇಲೆ ಅಥವಾ ಎತ್ತರ ತಗ್ಗುಗಳ ಅಳತೆಯ ಮೇಲೆ ಮರಳಿ ಇಟ್ಟಾಗ ಅವು ಘಟನೆಗಳು ನಡೆದ ಕ್ರಮಕ್ಕೆ ಹತ್ತಿರವಾಗುತ್ತವೆ, ಮತ್ತು ಅವುಗಳ ನಡುವಿನ ನಂಟು ಕಣ್ಣಿಗೆ ಕಾಣತೊಡಗುತ್ತದೆ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ನಡೆದ ಕಾಲರಾ ತನಿಖೆಯ ಇತಿಹಾಸವು ಚಿತ್ರದ ಈ ಶಕ್ತಿಯನ್ನು ತೋರಿಸುವಷ್ಟೇ ಸ್ಪಷ್ಟವಾಗಿ ಅದರ ಮಿತಿಯನ್ನೂ ತೋರಿಸುತ್ತದೆ.

ಅಂಕಿಗಳನ್ನು ಚಿತ್ರವಾಗಿಸುವ ಪದ್ಧತಿ ಆ ವೇಳೆಗೆ ಹೊಸದಾಗಿರಲಿಲ್ಲ. ಖಗೋಳಜ್ಞ ಎಡ್ಮಂಡ್ ಹ್ಯಾಲಿ 1686ರಲ್ಲಿಯೇ ಸಾಗರಗಳ ಮೇಲೆ ಬೀಸುವ ವಾಣಿಜ್ಯ ಮಾರುತಗಳನ್ನು ನಕ್ಷೆಯ ಮೇಲೆ ಸಣ್ಣ ಗೆರೆಗಳಿಂದ ತೋರಿಸಿದ್ದನು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸಿನಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ವರ್ಷಗಳುದ್ದಕ್ಕೂ ಏರಿಳಿಯುವ ಗೆರೆಗಳಾಗಿ ಬಿಡಿಸಿದನು. ಸ್ಕಾಟ್ಲೆಂಡಿನ ವ್ಯಾಪಾರದ ವಿಷಯದಲ್ಲಿ ಅನೇಕ ವರ್ಷಗಳ ಅಂಕಿಗಳು ದೊರೆಯದಿದ್ದುದರಿಂದ, ಒಂದೇ ವರ್ಷದ ಲೆಕ್ಕವನ್ನು ದೇಶವಾರು ಪಟ್ಟಿಗಳಾಗಿ ತೋರಿಸಿ ಇಂದಿನ ಸ್ತಂಭ ನಕ್ಷೆಗೆ ದಾರಿ ಮಾಡಿದನು. ವೃತ್ತವನ್ನು ತುಂಡುಗಳಾಗಿ ಹಂಚಿ ಪಾಲುಗಳನ್ನು ತೋರಿಸುವ ಪೈ ನಕ್ಷೆಯೂ 1801ರಲ್ಲಿ ಅವನ ಕೈಯಿಂದಲೇ ಬಂದಿತು. ಫ್ರಾನ್ಸಿನಲ್ಲಿ ಶಾರ್ಲ್ ದ್ಯುಪಾಂ 1826ರಲ್ಲಿ ಶಿಕ್ಷಣದ ಹರಡುವಿಕೆಯನ್ನು ಪ್ರಾಂತಗಳಿಗೆ ಬೇರೆ ಬೇರೆ ಪ್ರಮಾಣದ ಕಪ್ಪು ಛಾಯೆ ತುಂಬಿ ತೋರಿಸಿದನು. ರೋಗದ ವಿಷಯದಲ್ಲಿಯೂ ನ್ಯೂಯಾರ್ಕಿನ ವೈದ್ಯ ವ್ಯಾಲೆಂಟೈನ್ ಸೀಮನ್ 1798ರಲ್ಲಿ ಹಳದಿ ಜ್ವರದ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದನು. ಉಪಕರಣ ಸಿದ್ಧವಾಗಿತ್ತು; ಅದರಿಂದ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಗಂಗೆಯ ಮುಖಜಭೂಮಿಯಲ್ಲಿ ಬಹುಕಾಲದಿಂದ ಇದ್ದ ಕಾಲರಾ 1817ರಲ್ಲಿ ಬಂಗಾಳದಿಂದ ಹೊರಟು ಖಂಡಗಳನ್ನು ದಾಟಿ, 1831ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ಬಂದರನ್ನು ಮುಟ್ಟಿತು. ಅಂದಿನ ವೈದ್ಯರಲ್ಲಿ ಹೆಚ್ಚಿನವರು ಕೊಳೆತ ವಸ್ತುಗಳಿಂದ ಏಳುವ ದುರ್ಗಂಧದ ಗಾಳಿಯೇ ರೋಗದ ಮೂಲವೆಂದು ನಂಬಿದ್ದರು. ಇದಕ್ಕೆ ಮಯಾಸ್ಮ ಸಿದ್ಧಾಂತವೆಂದು ಹೆಸರು. ಕೇಂದ್ರ ನೋಂದಣಿ ಕಚೇರಿಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತಿದ್ದ ವಿಲಿಯಂ ಫಾರ್ ಕೂಡ ಅದೇ ಅಭಿಪ್ರಾಯದವನಾಗಿದ್ದು, 1848–49ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 53 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಪಿಡುಗಿನ ಬಗ್ಗೆ 1852ರಲ್ಲಿ ಕೋಷ್ಟಕಗಳಿಂದಲೂ ಬಣ್ಣದ ಚಿತ್ರಗಳಿಂದಲೂ ತುಂಬಿದ ವರದಿಯನ್ನು ಹೊರತಂದನು. ಲಂಡನ್ನಿನ ವಿಭಾಗಗಳನ್ನು ಥೇಮ್ಸ್ ನದಿಯ ಮಟ್ಟದಿಂದ ಅವು ಇರುವ ಎತ್ತರಕ್ಕೆ ಅನುಸಾರವಾಗಿ ಜೋಡಿಸಿದಾಗ, 20 ಅಡಿಗಿಂತ ತಗ್ಗಿನಲ್ಲಿದ್ದ ಭಾಗಗಳಲ್ಲಿ 10 ಸಾವಿರ ಜನರಿಗೆ 102 ಸಾವುಗಳೂ 100ರಿಂದ 120 ಅಡಿ ಎತ್ತರದ ಭಾಗಗಳಲ್ಲಿ ಕೇವಲ 17 ಸಾವುಗಳೂ ಕಂಡುಬಂದವು, ಮತ್ತು ನಡುವಿನ ಅಂಕಿಗಳು ಮೆಟ್ಟಿಲಿಳಿದಂತೆ ಕ್ರಮವಾಗಿ ಇಳಿದಿದ್ದವು. ತಗ್ಗಿನಲ್ಲಿ ದುರ್ಗಂಧ ದಟ್ಟವಾಗಿ ನಿಲ್ಲುತ್ತದೆ ಎಂಬ ನಂಬಿಕೆಗೆ ಇಷ್ಟು ಚೆಲುವಾದ ಆಧಾರ ದೊರೆತಾಗ ಫಾರ್ ಅದನ್ನು ನಿಯಮವೆಂದೇ ಭಾವಿಸಿದನು. ಫಾರ್ ಕಂಡ ಕ್ರಮ ಸುಳ್ಳಲ್ಲ. ಆದರೆ ತಗ್ಗಿನ ಬಡಾವಣೆಗಳಲ್ಲಿ ಅನೇಕವು ನಗರದ ಕೊಳಚೆ ಸೇರಿದ ಥೇಮ್ಸ್ ನೀರನ್ನೇ ಕುಡಿಯುತ್ತಿದ್ದವು ಎಂಬ ಸಂಗತಿ ಎತ್ತರದ ಅಂಕಿಗಳ ಹಿಂದೆ ಅಡಗಿಹೋಗಿತ್ತು. ಪ್ರಾಮಾಣಿಕವಾದ ಅಂಕಿಗಳು, ನಿರ್ದೋಷವಾದ ಜೋಡಣೆ, ತಪ್ಪು ಕಾರಣ ಇವು ಮೂರೂ ಒಟ್ಟಿಗೆ ಇರಬಲ್ಲವೆಂಬುದಕ್ಕೆ ಇದು ಮರೆಯಬಾರದ ನಿದರ್ಶನ.

ಯಾರ್ಕ್ ನಗರದಲ್ಲಿ 1813ರಲ್ಲಿ ಹುಟ್ಟಿದ ವೈದ್ಯ ಜಾನ್ ಸ್ನೋ, ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಅರಿವಳಿಕೆ ಕೊಡುವ ವಿದ್ಯೆಯಲ್ಲಿ ಹೆಸರಾದವನು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ವೇಳೆ ಕ್ಲೋರೋಫಾರ್ಮ್ ಕೊಟ್ಟವನು ಇವನೇ. ಅನಿಲಗಳ ಗುಣವನ್ನು ಹತ್ತಿರದಿಂದ ಬಲ್ಲ ಸ್ನೋಗೆ ಗಾಳಿಯ ಸಿದ್ಧಾಂತ ಒಪ್ಪಿಗೆಯಾಗಲಿಲ್ಲ. ಕಾಲರಾ ಮೊದಲು ಕರುಳನ್ನು ಹಿಡಿಯುವುದರಿಂದ ಅದರ ವಿಷ ಬಾಯಿಯ ಮೂಲಕ, ವಿಶೇಷವಾಗಿ ಮಲದಿಂದ ಕೆಟ್ಟ ನೀರಿನ ಮೂಲಕ, ಹೊಟ್ಟೆ ಸೇರಬೇಕೆಂದು 1849ರ ಒಂದು ಕಿರುಹೊತ್ತಗೆಯಲ್ಲಿ ಅವನು ವಾದಿಸಿದ್ದನು. ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ತೋರಿಸಲು ಅವನಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಸಾಕ್ಷ್ಯವನ್ನು ಸಾವುಗಳ ಹಂಚಿಕೆಯಲ್ಲಿಯೇ ಹುಡುಕಬೇಕಾಗಿತ್ತು.

1854ರ ಆಗಸ್ಟ್ 31ರ ರಾತ್ರಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಭುಗಿಲೆದ್ದಿತು. ಸ್ನೋ ನೋಂದಣಿ ಕಚೇರಿಯಿಂದ ಸೆಪ್ಟೆಂಬರ್ 2ಕ್ಕೆ ಕೊನೆಗೊಂಡ ವಾರದ ಪಟ್ಟಿಯನ್ನು ಪಡೆದನು. ಆ ಭಾಗದಲ್ಲಿ ದಾಖಲಾಗಿದ್ದ 89 ಕಾಲರಾ ಸಾವುಗಳನ್ನು ದಿನವಾರು ವಿಂಗಡಿಸಿದಾಗ, ಮೊದಲ ನಾಲ್ಕು ದಿನಗಳಿಗೆ ಸೇರಿದವು 6, ಗುರುವಾರಕ್ಕೆ 4, ಶುಕ್ರವಾರ ಮತ್ತು ಶನಿವಾರಗಳಿಗೆ 79 ಎಂದು ತಿಳಿಯಿತು. ವಾರದ ಒಟ್ಟು ಮೊತ್ತವಾಗಿ ಮಾತ್ರ ನೋಡಿದ್ದರೆ 89 ಎಂಬ ಅಂಕಿ ಈ ಸ್ಫೋಟವನ್ನು ಮುಚ್ಚಿಡುತ್ತಿತ್ತು. ಕೊನೆಯ ಮೂರು ದಿನಗಳ 83 ಸಾವುಗಳ ವಿಳಾಸಗಳನ್ನು ಹಿಡಿದು ಸ್ನೋ ಬೀದಿಗಿಳಿದಾಗ, ಬಹುತೇಕ ಎಲ್ಲ ಮನೆಗಳೂ ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಕೈಪಂಪಿನ ಆಸುಪಾಸಿನಲ್ಲಿರುವುದು ಕಂಡಿತು. ನಕ್ಷೆ ಕಾಗದದ ಮೇಲೆ ಮೂಡುವ ಮೊದಲು ತನಿಖೆಗಾರನ ನಡಿಗೆಯಲ್ಲಿಯೇ ರೂಪುಗೊಂಡಿತು ಎನ್ನಬಹುದು. ಪಂಪಿಗೆ ಹತ್ತಿರವಿದ್ದ 73 ಸಾವುಗಳಲ್ಲಿ 61 ಮಂದಿ ಅದರ ನೀರನ್ನು ಕುಡಿಯುತ್ತಿದ್ದವರೆಂದು ಮನೆಯವರು ಹೇಳಿದರು. ಬೇರೆ ಪಂಪುಗಳಿಗೆ ಹತ್ತಿರವಿದ್ದುದು 10 ಸಾವುಗಳು ಮಾತ್ರ. ಅವುಗಳಲ್ಲಿ ಐದು ಪ್ರಕರಣಗಳ ಕುಟುಂಬಗಳು ಬ್ರಾಡ್ ಸ್ಟ್ರೀಟಿನ ನೀರೇ ಮೇಲೆಂದು ಅಲ್ಲಿಂದಲೇ ತರಿಸುತ್ತಿದ್ದವು, ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಪ್ಯಾರಿಷ್ ಆಡಳಿತ ಮಂಡಲಿಯವರ ಮುಂದೆ ಈ ಸಂಗತಿಗಳನ್ನಿಟ್ಟನು. ಮರುದಿನ ಪಂಪಿನ ಹಿಡಿಯನ್ನು ಕಳಚಲಾಯಿತು. ಅದರಿಂದಲೇ ಪಿಡುಗು ನಿಂತಿತೆಂಬ ಮಾತು ಜನಪ್ರಿಯವಾಗಿದ್ದರೂ, ಜನರು ಊರು ಬಿಟ್ಟು ಓಡಿದ್ದರಿಂದ ಸಾವುಗಳು ಮೊದಲೇ ಇಳಿಮುಖವಾಗಿದ್ದವೆಂದು ಸ್ನೋ ಸ್ವತಃ ಬರೆದಿದ್ದಾನೆ. ಪ್ರಸಿದ್ಧವಾದ ನಕ್ಷೆಯೂ ಹಿಡಿ ಕಳಚಿದ ಮೇಲೆಯೇ ಸಿದ್ಧವಾಗಿ, 1855ರಲ್ಲಿ ಅವನ ಪುಸ್ತಕದ ವಿಸ್ತೃತ ಎರಡನೆಯ ಆವೃತ್ತಿಯಲ್ಲಿ ಅಚ್ಚಾಯಿತು. ತನಗೆ ಗೊತ್ತಾದುದು ಇತರರ ಕಣ್ಣಿಗೂ ಕಾಣಬೇಕೆಂಬುದೇ ಅದರ ಉದ್ದೇಶವಾಗಿತ್ತು. ಪ್ರತಿಯೊಂದು ಸಾವನ್ನೂ ಒಂದು ದಪ್ಪನೆಯ ಕಿರುಗೆರೆಯಾಗಿ ಆಯಾ ಮನೆಯ ಮುಂದೆ ಹಾಕಿ, ಒಂದೇ ಮನೆಯಲ್ಲಿ ಹಲವರು ಸತ್ತಿದ್ದರೆ ಗೆರೆಗಳನ್ನು ಒಂದರ ಪಕ್ಕ ಒಂದಾಗಿ ಪೇರಿಸಲಾಗಿತ್ತು. ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಗೆರೆಗಳು ಕಪ್ಪಗೆ ಒತ್ತಾಗಿ ನಿಂತು, ಬೇರೆ ಪಂಪುಗಳ ಕಡೆಗೆ ಸಾಗಿದಂತೆ ವಿರಳವಾಗುತ್ತವೆ.

ನಕ್ಷೆಯಲ್ಲಿ ಗೆರೆಗಳಿಲ್ಲದ ಜಾಗಗಳಿಗೆ ಇದಕ್ಕಿಂತಲೂ ಆಳವಾದ ಅರ್ಥವಿದೆ. ಸಾವುಗಳ ಪಟ್ಟಿಯಲ್ಲಿ ಬದುಕಿದವರ ಹೆಸರು ಬರುವುದಿಲ್ಲ; ನಕ್ಷೆಯಲ್ಲಿಯಾದರೋ ಅವರ ಜಾಗ ಖಾಲಿಯಾಗಿಯೇ ಎದ್ದು ಕಾಣುತ್ತದೆ. ಪಿಡುಗಿನ ನಡುವೆಯೇ ಇದ್ದ ಪೋಲೆಂಡ್ ಸ್ಟ್ರೀಟಿನ ವರ್ಕ್‌ಹೌಸಿನಲ್ಲಿ, ಅಂದರೆ ದುಡಿಮೆಗೆ ಪ್ರತಿಯಾಗಿ ಬಡವರಿಗೆ ನೆಲೆ ಕೊಡುತ್ತಿದ್ದ ಆಶ್ರಯಗೃಹದಲ್ಲಿ, 535 ಜನರಿದ್ದರೂ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಪಂಪಿನ ಸಮೀಪದ ಬಿಯರ್ ತಯಾರಿಕೆಯ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಅವರು ಕುಡಿಯುತ್ತಿದ್ದುದು ಬಿಯರು, ಕಾರ್ಖಾನೆಯೊಳಗೂ ಒಂದು ಬಾವಿಯಿತ್ತು. ಇದಕ್ಕೆ ಎದುರಾಗಿ ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಕಾಲರಾದ ಸುಳಿವೇ ಇಲ್ಲದ ಕಡೆ ಒಬ್ಬ ವಿಧವೆ ಸತ್ತಿದ್ದಳು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದ ಆಕೆ ಅಲ್ಲಿನ ನೀರಿನ ರುಚಿಗೆ ಮನಸೋತು ದಿನವೂ ಗಾಡಿಯಲ್ಲಿ ಒಂದು ಬಾಟಲಿ ತರಿಸಿಕೊಳ್ಳುತ್ತಿದ್ದಳು. ಗಾಳಿಯೇ ಕಾರಣವಾಗಿದ್ದರೆ ಅದು ಗೋಡೆಗಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಬಾಟಲಿಯಲ್ಲಿ ಪಯಣಿಸುತ್ತಲೂ ಇರಲಿಲ್ಲ. ಸ್ಥಳೀಯ ವಿಚಾರಣಾ ಸಮಿತಿಗಾಗಿ ತಿದ್ದಿದ ನಕ್ಷೆಯಲ್ಲಿ ಸ್ನೋ ಇನ್ನೊಂದು ಗೆರೆಯನ್ನು ಸೇರಿಸಿದನು: ಬ್ರಾಡ್ ಸ್ಟ್ರೀಟಿನ ಪಂಪಿಗೂ ಸುತ್ತಲಿನ ಇತರ ಪಂಪುಗಳಿಗೂ ನಡೆದು ಹೋಗುವ ದಾರಿ ಸಮನಾಗಿರುವ ಬಿಂದುಗಳನ್ನು ಅದು ಜೋಡಿಸುತ್ತಿತ್ತು. ಹಕ್ಕಿ ಹಾರುವ ನೇರ ದೂರವನ್ನು ಬಿಟ್ಟು ಕೊಡ ಹಿಡಿದವರು ನಡೆಯುವ ದೂರವನ್ನು ಅಳೆದ ಆ ಗೆರೆಯೊಳಗೇ ಹೆಚ್ಚುಕಡಿಮೆ ಎಲ್ಲ ಸಾವುಗಳೂ ಸೇರಿಕೊಂಡಿದ್ದವು.

ಅದೇ ಸಾವುಗಳನ್ನು ಅದೇ ಬೀದಿಗಳ ಮೇಲೆ ಇತರರೂ ಗುರುತಿಸಿದ್ದರು. ಒಳಚರಂಡಿ ಆಯೋಗದ ಎಂಜಿನಿಯರ್ ಎಡ್ಮಂಡ್ ಕೂಪರ್ ತನ್ನ ನಕ್ಷೆಯನ್ನು ಸೆಪ್ಟೆಂಬರ್ ತಿಂಗಳಲ್ಲಿಯೇ ಸಿದ್ಧಪಡಿಸಿದನು. ಹೊಸ ಚರಂಡಿಗಳೂ ಹಳೆಯ ಪ್ಲೇಗ್ ಹೆಣಗಳ ಗುಂಡಿಯೂ ರೋಗಕ್ಕೆ ಕಾರಣವೆಂಬ ವದಂತಿಯನ್ನು ಪರೀಕ್ಷಿಸುವುದು ಅವನ ಗುರಿಯಾಗಿದ್ದರಿಂದ ಅವನ ಗಮನ ಚರಂಡಿಗಳ ಮೇಲಿತ್ತು. ಕೇಂದ್ರ ಆರೋಗ್ಯ ಮಂಡಲಿಯ ಸಮಿತಿ ವಿವರವಾದ ನಕ್ಷೆಯನ್ನೇ ಪ್ರಕಟಿಸಿಯೂ ಗಾಳಿಯ ಸಿದ್ಧಾಂತವನ್ನು ಬಿಡಲಿಲ್ಲ. ನಕ್ಷೆ ತಾನಾಗಿ ಮಾತನಾಡುವುದಿಲ್ಲ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರವನ್ನು ಅದು ಕೊಡುತ್ತದೆ.

ಚಿತ್ರ ಸೋತು ಕೋಷ್ಟಕ ಗೆದ್ದ ಪ್ರಸಂಗವೂ ಇದೇ ವರ್ಷದ್ದು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳು ಒಂದೇ ಬೀದಿಯಲ್ಲಿ ಹಾಯ್ದು ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ನೀರನ್ನು ಒದಗಿಸುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ನಗರದ ಕೊಳಚೆ ಸೇರದ ಮೇಲ್ದಂಡೆಗೆ ಬದಲಿಸಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಹಳೆಯ ಜಾಗದಿಂದಲೇ ನೀರೆತ್ತುತ್ತಿತ್ತು. ಎರಡೂ ಕಂಪನಿಗಳ ವ್ಯಾಪ್ತಿಯನ್ನು ಬಣ್ಣಗಳಿಂದ ತೋರಿಸಿದ ಸ್ನೋನ ನಕ್ಷೆಯಲ್ಲಿ ಬಣ್ಣಗಳು ಒಂದರ ಮೇಲೊಂದು ಹರಡಿದವೇ ಹೊರತು ವ್ಯತ್ಯಾಸ ಕಾಣಲಿಲ್ಲ. ಸತ್ತವರ ಮನೆಗಳಲ್ಲಿ ನೀರು ಯಾರದೆಂದು ವಿಚಾರಿಸಿ ಲೆಕ್ಕ ಹಾಕಿದಾಗ, ಪ್ರತಿ 10 ಸಾವಿರ ಮನೆಗಳಿಗೆ ಸೌತ್‌ವಾರ್ಕ್ ನೀರಿನಿಂದ 315, ಲ್ಯಾಂಬೆತ್ ನೀರಿನಿಂದ 37 ಸಾವುಗಳೆಂಬ ಅಂತರ ಹೊರಬಿದ್ದಿತು. ಸಂಬಂಧ ಜಾಗಕ್ಕೆ ಕಟ್ಟುಬಿದ್ದಿರುವಲ್ಲಿ ನಕ್ಷೆ ಬೇಕು. ಅದು ಕೊಳವೆಯೊಳಗೆ ಅಡಗಿರುವಲ್ಲಿ ಮನೆಬಾಗಿಲು ತಟ್ಟಿ ಪಡೆದ ಪ್ರಮಾಣ ಬೇಕು.

ಬ್ರಾಡ್ ಸ್ಟ್ರೀಟಿನ ಪಂಪಿನ ಬಾವಿಗೆ ವಿಷ ಎಲ್ಲಿಂದ ಬಂತೆಂಬುದನ್ನು ಕಂಡುಹಿಡಿದವನು ಸಹಾಯಕ ಪಾದ್ರಿ ಹೆನ್ರಿ ವೈಟ್‌ಹೆಡ್. ಸ್ನೋನ ವಾದವನ್ನು ಅಲ್ಲಗಳೆಯಲೆಂದೇ ಮನೆಮನೆ ಸುತ್ತಿದ ಅವನು ಕೊನೆಗೆ ಅದನ್ನು ಒಪ್ಪಿಕೊಂಡು, ಪಂಪಿನ ಪಕ್ಕದ 40ನೆಯ ಸಂಖ್ಯೆಯ ಮನೆಯಲ್ಲಿ ಪಿಡುಗಿಗೆ ಮುಂಚೆಯೇ ಕಾಯಿಲೆ ಬಿದ್ದ ಹಸುಳೆಯೊಂದರ ಬಟ್ಟೆ ಒಗೆದ ನೀರು ಮನೆಯ ಮಲಗುಂಡಿ ಸೇರುತ್ತಿದ್ದುದನ್ನು ಪತ್ತೆಮಾಡಿದನು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿ ಹೊಲಸು ಬಾವಿಗೆ ಒಸರುತ್ತಿತ್ತು. ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿ ರೋಗಾಣುವನ್ನು ದೃಢಪಡಿಸುವುದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದವು.

ವಾರದ 89 ಎಂಬ ಅಂಕಿ ಸೋಹೋದ ಸ್ಫೋಟವನ್ನು ಮುಚ್ಚಿಡಬಹುದಾಗಿದ್ದಂತೆ, ಒಟ್ಟು ಮೊತ್ತ ಮತ್ತು ಸರಾಸರಿಗಳು ಏನನ್ನು ಅಡಗಿಸುತ್ತವೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಗಣಿತದ ಭಾಷೆಯಲ್ಲಿಯೇ ತೋರಿಸಿಕೊಟ್ಟನು. ಹನ್ನೊಂದು ಹನ್ನೊಂದು ಜೋಡಿ ಅಂಕಿಗಳ ನಾಲ್ಕು ಗುಂಪುಗಳನ್ನು ಅವನು ರಚಿಸಿದನು. ನಾಲ್ಕರಲ್ಲಿಯೂ ಸರಾಸರಿಗಳು 9 ಮತ್ತು 7.5, ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಸಾಗುತ್ತವೆಂದು ಹೇಳುವ ಸಹಸಂಬಂಧ ಗುಣಾಂಕ ಸುಮಾರು 0.82. ಕಾಗದದ ಮೇಲೆ ಚುಕ್ಕಿಯಿಟ್ಟಾಗ ಮಾತ್ರ ಒಂದು ಗುಂಪು ಓರೆಯಾಗಿ ಏರುವ ಚದುರಿದ ಚುಕ್ಕಿಗಳಾಗಿಯೂ, ಒಂದು ಬಾಗಿದ ಕಮಾನಾಗಿಯೂ, ಇನ್ನೆರಡು ಒಂದೊಂದೇ ಒಂಟಿ ಚುಕ್ಕಿಯಿಂದ ಲೆಕ್ಕ ತಿರುಚಿಹೋದ ಗೆರೆಗಳಾಗಿಯೂ ಕಾಣುತ್ತವೆ.

ಸ್ನೋ 1858ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ವಾದಕ್ಕೆ ಆಗಿನ್ನೂ ಪೂರ್ಣ ಮನ್ನಣೆ ದೊರೆತಿರಲಿಲ್ಲ. 1866ರಲ್ಲಿ ಕಾಲರಾ ಮತ್ತೆ ಬಂದು ಪೂರ್ವ ಲಂಡನ್ನನ್ನು ಹಿಡಿದಾಗ, ಸಾವುಗಳನ್ನು ನೀರಿನ ಕಂಪನಿಗಳಿಗೆ ಅನುಸಾರವಾಗಿ ವಿಂಗಡಿಸಿ ಅವು ಒಂದೇ ಕಂಪನಿಯ ವ್ಯಾಪ್ತಿಯಲ್ಲಿ ಗುಂಪುಗೂಡಿರುವುದನ್ನು ತೋರಿಸಿದವನು, ಒಮ್ಮೆ ಎತ್ತರದ ನಿಯಮವನ್ನು ನಂಬಿದ್ದ ವಿಲಿಯಂ ಫಾರ್. ತನ್ನ ಹಳೆಯ ತೀರ್ಮಾನವನ್ನು ತಾನೇ ಬಿಟ್ಟುಕೊಟ್ಟ ಆ ಪ್ರಾಮಾಣಿಕತೆ ಗೌರವಕ್ಕೆ ಅರ್ಹವಾದುದು. ಅದೇ ಗೌರವ ಹೆಸರು ಉಳಿಯದ ಸ್ಥಳೀಯ ನೋಂದಣಿದಾರರಿಗೂ ಸಲ್ಲಬೇಕು. ಮುಂದೆ ಯಾವ ಕೆಲಸಕ್ಕೆ ಬಂದೀತೆಂದು ತಿಳಿಯದಿದ್ದಾಗಲೂ ಪ್ರತಿಯೊಂದು ಸಾವಿನ ಮುಂದೆ ಅವರು ಸತ್ತ ಜಾಗವನ್ನು ತಪ್ಪದೆ ಬರೆದಿಟ್ಟಿದ್ದರು, ಮತ್ತು ಆ ಒಂದು ಕಲಮು ಇಲ್ಲದಿದ್ದರೆ ಸ್ನೋಗೆ ಹಿಡಿದು ನಡೆಯಲು ವಿಳಾಸಗಳೂ ನಕ್ಷೆಯ ಮೇಲೆ ಗೆರೆಯೆಳೆಯಲು ಜಾಗವೂ ಇರುತ್ತಿರಲಿಲ್ಲ.