ಕಾರ್ಯದರ್ಶಿಯ ಮೇಜು ಇದ್ದ ಊರುಗಳು: ವಿಶ್ವ ಗೊಂಬೆಯಾಟ ಸಂಘದ ಚರಿತ್ರೆ

1929ರ ಮೇ 20ರಂದು ಪ್ರಾಗ್ ನಗರದಲ್ಲಿ ಗೊಂಬೆಯಾಟದವರ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. ಉದ್ದನೆಯ ಫ್ರೆಂಚ್ ಹೆಸರನ್ನು ಮೊಟಕುಮಾಡಿ ಅದನ್ನು ಯುನಿಮಾ ಎನ್ನುತ್ತಾರೆ. ರಂಗಭೂಮಿಗೆ ಸೇರಿದ ಅಂತರರಾಷ್ಟ್ರೀಯ ಸಂಘಟನೆಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ನಟರು, ನಿರ್ದೇಶಕರು, ನಾಟಕಕಾರರು ಯುನೆಸ್ಕೋದ ಆಸರೆಯಲ್ಲಿ ಅಂತರರಾಷ್ಟ್ರೀಯ ರಂಗಭೂಮಿ ಸಂಸ್ಥೆ ಕಟ್ಟಿಕೊಂಡದ್ದು 1948ರಲ್ಲಿ. ಅಂದರೆ ರಂಗಭೂಮಿಯ ಪಂಕ್ತಿಯಲ್ಲಿ ಸದಾ ಕೊನೆಯ ಎಲೆಗೆ ಕೂತ ಗೊಂಬೆಯಾಟದವರು ಉಳಿದವರಿಗಿಂತ ಹತ್ತೊಂಬತ್ತು ವರ್ಷ ಮೊದಲೇ ಒಂದಾಗಿದ್ದರು. ಇದು ಹೇಗಾಯಿತು ಎಂಬ ಪ್ರಶ್ನೆಗೆ ಸಂಘದ ಸ್ಮರಣ ಸಂಚಿಕೆಗಳು ಕಲೆಯ ವಿಶ್ವಾತ್ಮಕತೆಯನ್ನು ಉತ್ತರವಾಗಿ ಕೊಡುತ್ತವೆ. ಆ ಉತ್ತರ ನನಗೆ ಸಾಲದು. ಈ ಸಂಘವನ್ನು ಕಟ್ಟಿದವರು ಗೊಂಬೆಯಾಡಿಸಿ ಹೊಟ್ಟೆ ಹೊರೆದ ಮೇಳದವರಲ್ಲ. ಮೇಷ್ಟರು, ವಿದ್ವಾಂಸರು, ಪತ್ರಿಕೆಯ ಸಂಪಾದಕರು. ಅವರಿಗೆ ಗೊತ್ತಿದ್ದ ಕೆಲಸ ಬರೆಯುವುದು, ಪತ್ರ ಹಾಕುವುದು, ಕಡತ ಇಡುವುದು. ಯುನಿಮಾದ ಗಟ್ಟಿತನವೂ ಅದರ ಇಂದಿನ ಕೊರತೆಯೂ ಅಲ್ಲಿಂದಲೇ ಬಂದಿವೆ ಎಂಬುದು ಈ ಲೇಖನದ ವಾದ.

ಬೊಹೀಮಿಯದಲ್ಲಿ ಗೊಂಬೆ ಮೇಳಗಳಿಗೆ ಹಳೆಯ ಪರಂಪರೆಯಿತ್ತು. ಮತೇಯ್ ಕೊಪೆಟ್ಸ್ಕಿ (1775–1847) ಎಂಬ ಅಲೆಮಾರಿ ಗೊಂಬೆಯಾಟಗಾರನ ಹೆಸರು ಅಲ್ಲಿ ಮನೆಮಾತು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಈ ಮೇಳಗಳು ಸೊರಗುತ್ತ ಬಂದವು. ಅದೇ ಕಾಲಕ್ಕೆ ಶಾಲೆಗಳಲ್ಲಿ, ವ್ಯಾಯಾಮ ಸಂಘಗಳಲ್ಲಿ, ಮನೆಯ ಊಟದ ಮೇಜಿನ ಮೇಲೂ ಹವ್ಯಾಸಿಗಳ ಗೊಂಬೆಯಾಟ ಚಿಗುರಿತು. ಹೀಗೆ ಚದುರಿದ್ದ ಹವ್ಯಾಸಿಗಳನ್ನು ಒಂದು ದಾರಕ್ಕೆ ಪೋಣಿಸಿದವರು ಯಿಂದ್ರಿಖ್ ವೆಸೆಲಿ. 1912ರಲ್ಲಿ ಅವರ ಸಂಪಾದಕತ್ವದಲ್ಲಿ ಗೊಂಬೆಯಾಟಕ್ಕೇ ಮೀಸಲಾದ ಪತ್ರಿಕೆ ಶುರುವಾಯಿತು. ನಡುವೆ ಹೆಸರು ಬದಲಾಗಿ, ಯುದ್ಧದಲ್ಲಿ ನಿಂತು, ಮತ್ತೆ ಹೊರಟ ಆ ಪತ್ರಿಕೆ ‘ಲೌಟ್ಕಾರ್’ ಎಂಬ ಹೆಸರಿನಲ್ಲಿ ಇವತ್ತಿಗೂ ಬರುತ್ತಿದೆ. 1929ರಲ್ಲಿ ಸಂಘದ ಮೊದಲ ಅಧ್ಯಕ್ಷರಾದವರು ಇದೇ ವೆಸೆಲಿ. ಸಂಘಕ್ಕಿಂತ ಹದಿನೇಳು ವರ್ಷ ಮೊದಲೇ ಪತ್ರಿಕೆ ಇತ್ತು ಎಂಬುದನ್ನು ಗಮನಿಸಬೇಕು. ಚಂದಾದಾರರ ಪಟ್ಟಿ ಕೈಯಲ್ಲಿದ್ದವರಿಗೆ ಸದಸ್ಯರ ಪಟ್ಟಿ ಮಾಡುವುದು ಕಷ್ಟವಲ್ಲ.

1929ರ ಆ ಸಭೆ ಸೇರಿದ ಜಾಗವೂ ಹವ್ಯಾಸಿಗಳದ್ದೇ. ಪ್ರಾಗ್‌ನ ನಗರ ಗ್ರಂಥಾಲಯದ ಕಟ್ಟಡದಲ್ಲಿ ಅದರ ಹಿಂದಿನ ವರ್ಷವಷ್ಟೇ ‘ಗೊಂಬೆಗಳ ರಾಜ್ಯ’ ಎಂಬ ಪುಟ್ಟ ರಂಗಮಂದಿರ ನೆಲೆಯೂರಿತ್ತು. ಅದರ ಹಿಂದಿದ್ದ ಶಿಲ್ಪಿ ವೊಯ್ತೇಖ್ ಸುಖಾರ್ದಾ. ಪ್ರಾಗ್‌ನ ಹಳೆಯ ಪೇಟೆಯ ಗಡಿಯಾರದಲ್ಲಿ ಗಂಟೆಗೊಮ್ಮೆ ಕಿಟಕಿಯಿಂದ ಇಣುಕಿ ಹೋಗುವ ಮರದ ಧರ್ಮದೂತರನ್ನು ಪ್ರವಾಸಿಗರು ಕತ್ತೆತ್ತಿ ನೋಡುತ್ತಾರಲ್ಲ, ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಹೋದವುಗಳ ಬದಲಿಗೆ ಅವನ್ನು ಕೆತ್ತಿಕೊಟ್ಟವರು ಇವರೇ.

1933ರಲ್ಲಿ ಅಧ್ಯಕ್ಷ ಪದವಿ ಯೋಸೆಫ್ ಸ್ಕುಪಾ ಅವರಿಗೆ ಬಂತು. ಪಿಲ್ಸೆನ್ ಊರಿನ ಈ ಡ್ರಾಯಿಂಗ್ ಮೇಷ್ಟರು ಆ ಹೊತ್ತಿಗೆ ವೃತ್ತಿನಿರತ ಕಲಾವಿದರಾಗಿದ್ದರು. ಅವರ ಎರಡು ಸೂತ್ರದ ಗೊಂಬೆಗಳನ್ನು ಅರಿಯದ ಜೆಕ್ ಮಗು ಇಲ್ಲ. 1920ರಲ್ಲಿ ಬಂದ ಸ್ಪೇಯ್ಬ್ಲ್ ದೊಡ್ಡ ಕಿವಿ, ಬೋಳು ತಲೆ, ಕರಿ ಕೋಟು, ಕಾಲಲ್ಲಿ ಮರದ ಪಾದುಕೆ ಇರುವ ಮಂದಮತಿ ಅಪ್ಪ. 1926ರಲ್ಲಿ ಬಂದ ಹುರ್ವಿನೆಕ್ ಕಣ್ಣು ಹೊರಳಿಸುತ್ತ ಅಪ್ಪನ ಮಾತಿಗೆಲ್ಲ ಅಡ್ಡ ಹಾಕುವ ಮಗ. ಎರಡಕ್ಕೂ ಸ್ಕುಪಾ ಒಬ್ಬರದೇ ಕಂಠ. ಅಪ್ಪನ ದಪ್ಪ ದನಿಯಿಂದ ಮಗನ ಕೀರಲಿಗೆ ಅವರು ಉಸಿರು ಬದಲಿಸದೆ ಜಿಗಿಯುತ್ತಿದ್ದರು. ನಾತ್ಸಿ ಆಳ್ವಿಕೆಯಲ್ಲಿ ಈ ಅಪ್ಪ ಮಗನ ಮಾತಿಗೆ ಎರಡೆರಡು ಅರ್ಥ ಹುಟ್ಟಿಕೊಂಡವು. 1944ರಲ್ಲಿ ಗೆಸ್ಟಾಪೊ ಪೊಲೀಸರು ಸ್ಕುಪಾ ಅವರನ್ನು ಬಂಧಿಸಿ ಡ್ರೆಸ್ಡೆನ್ ಸೆರೆಮನೆಗೆ ಹಾಕಿದರು. 1945ರ ಫೆಬ್ರವರಿಯಲ್ಲಿ ಆ ನಗರದ ಮೇಲೆ ಬಾಂಬು ಬಿದ್ದ ಗದ್ದಲದಲ್ಲಿ ಅವರು ತಪ್ಪಿಸಿಕೊಂಡು ಊರು ಸೇರಿದರು.

ಯುದ್ಧದ ವರ್ಷಗಳಲ್ಲಿ ಸಂಘ ಎಂಬುದು ಹೆಸರಿಗಷ್ಟೇ ಇತ್ತು, ಯುದ್ಧ ಮುಗಿದ ಮೇಲೂ ಬೇಗ ಎಚ್ಚೆತ್ತುಕೊಳ್ಳಲಿಲ್ಲ. ಮತ್ತೆ ಜೀವ ಬಂದದ್ದು 1957ರಲ್ಲಿ, ಅದೂ ಪ್ರಾಗ್‌ನಲ್ಲೇ. ಆ ವರ್ಷದ ಜನವರಿಯಲ್ಲಿ ಸ್ಕುಪಾ ತೀರಿಕೊಂಡಿದ್ದರು. ಅವರ ಸ್ಥಾನಕ್ಕೆ ಬಂದವರು ಮ್ಯಾಕ್ಸ್ ಯಾಕೊಬ್ ಎಂಬ ಜರ್ಮನ್ ಕಲಾವಿದರು. ಸ್ಯಾಕ್ಸನಿಯ ಹೋನ್‌ಸ್ಟೈನ್ ಎಂಬ ಊರಿನಲ್ಲಿ ಕ್ಯಾಸ್ಪರ್ ಎಂಬ ಕೈಗೊಂಬೆಯಿಂದ ಹೆಸರು ಮಾಡಿ, ಯುದ್ಧವಾದ ಮೇಲೆ ಹ್ಯಾಂಬರ್ಗಿಗೆ ಹೋಗಿ ನೆಲೆಸಿದ್ದವರು. ಯುದ್ಧದ ಕಾಲದಲ್ಲಿ ಅವರ ಮೇಳ ಜರ್ಮನ್ ಸೈನಿಕರ ಮುಂದೆ ಆಟ ಆಡಿತ್ತು. ಜರ್ಮನ್ ಸೆರೆಮನೆಯಿಂದ ಪಾರಾಗಿ ಬಂದವರ ಕುರ್ಚಿಯಲ್ಲಿ, ಹನ್ನೆರಡೇ ವರ್ಷಗಳ ಅಂತರದಲ್ಲಿ, ಜೆಕ್ ನೆಲದ ಸಂಘ ಒಬ್ಬ ಪಶ್ಚಿಮ ಜರ್ಮನ್‌ನನ್ನು ಕೂರಿಸಿತು. ಇದನ್ನು ಬರೀ ಔದಾರ್ಯ ಎಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಅಧ್ಯಕ್ಷರು ಪಶ್ಚಿಮದವರು, ಪ್ರಧಾನ ಕಾರ್ಯದರ್ಶಿ ಪ್ರಾಗ್‌ನ ಯಾನ್ ಮಾಲಿಕ್: ಶೀತಲ ಸಮರ ಕಾವೇರಿದ್ದ ದಿನಗಳಲ್ಲಿ ಎರಡೂ ಬಣಗಳು ಒಪ್ಪಬಹುದಾಗಿದ್ದ ಏರ್ಪಾಡು ಇಂಥದ್ದೇ. ಸಭೆಯಲ್ಲಿ ಹಾರ ಪಶ್ಚಿಮದ ಕೊರಳಿಗೆ, ಕಡತಗಳು ಪೂರ್ವದ ಕಪಾಟಿನಲ್ಲಿ.

ಈ ಮಾಲಿಕ್ ಅಸಾಧಾರಣ ಮನುಷ್ಯ. ನಾಟಕಕಾರ, ನಿರ್ದೇಶಕ, 1949ರಲ್ಲಿ ಪ್ರಾಗ್‌ನಲ್ಲಿ ಶುರುವಾದ ಕೇಂದ್ರ ಗೊಂಬೆ ರಂಗಮಂದಿರದ ಮುಖ್ಯಸ್ಥ. ಇವೆಲ್ಲದರ ಮೇಲೆ ಏನನ್ನೂ ಎಸೆಯದ ಸಂಗ್ರಾಹಕ. ದೇಶ ದೇಶಗಳಿಂದ ಬಂದ ಗೊಂಬೆಗಳು, ಭಿತ್ತಿಪತ್ರಗಳು, ಕಾಗದ ಪತ್ರಗಳನ್ನೆಲ್ಲ ಕಾಪಿಟ್ಟರು. 1972ರಲ್ಲಿ ಖ್ರುದಿಮ್ ಪಟ್ಟಣದಲ್ಲಿ ಗೊಂಬೆಯಾಟದ ವಸ್ತುಸಂಗ್ರಹಾಲಯ ತೆರೆದಾಗ ಅದಕ್ಕೆ ಬುನಾದಿಯಾದದ್ದು ಅವರು ಕೊಟ್ಟ ಸಂಗ್ರಹ. ಪಾಸ್‌ಪೋರ್ಟು ಸಿಗುವುದೇ ದುಸ್ತರವಾಗಿದ್ದ ಕಾಲದಲ್ಲಿ ಪೂರ್ವ ಯುರೋಪಿನ ಒಂದು ಮೇಜಿನಿಂದ ಜಗತ್ತಿನ ಕಲಾವಿದರಿಗೆ ಆಹ್ವಾನಗಳು ಹೋಗುತ್ತಿದ್ದವು. ಸರ್ಕಾರಗಳು ಇದಕ್ಕೆ ಅವಕಾಶ ಕೊಟ್ಟದ್ದೇಕೆ? ಗೊಂಬೆಯಾಟ ಮಕ್ಕಳ ಬಾಬತ್ತು ಎಂಬ ತಾತ್ಸಾರ ಇಲ್ಲಿ ರಕ್ಷೆಯಾಯಿತು ಎಂಬುದು ನನ್ನ ಊಹೆ. ಜೊತೆಗೆ, ಸಮಾಜವಾದಿ ದೇಶಗಳು ಸರ್ಕಾರಿ ಗೊಂಬೆ ರಂಗಮಂದಿರಗಳಿಗೆ ಕೈಬಿಚ್ಚಿ ಹಣ ಕೊಡುತ್ತಿದ್ದವು, ಅವನ್ನು ಲೋಕಕ್ಕೆ ತೋರಿಸುವ ಆಸೆಯೂ ಅವಕ್ಕಿತ್ತು. 1958ರಲ್ಲಿ ಬುಕಾರೆಸ್ಟ್‌ನ ಅಂತರರಾಷ್ಟ್ರೀಯ ಉತ್ಸವ ನಡೆದದ್ದು ಈ ಬಲದಲ್ಲಿ. ಅದರ ಹಿಂದಿದ್ದ ಮಾರ್ಗರೆಟಾ ನಿಕುಲೆಸ್ಕು ಮುಂದೆ, 2000ದಲ್ಲಿ, ಯುನಿಮಾದ ಅಧ್ಯಕ್ಷೆಯಾದರು.

ಭಾರತದ ಪ್ರವೇಶ ಆಗುವುದು ಈ ಬುಕಾರೆಸ್ಟ್ ಬಾಗಿಲಿನಿಂದ. 1965ರ ಉತ್ಸವದಲ್ಲಿ ಉದಯಪುರದ ಭಾರತೀಯ ಲೋಕ ಕಲಾ ಮಂಡಲ ಮೊದಲ ಬಹುಮಾನ ಗೆದ್ದಿತು. ಮಂಡಲವನ್ನು 1952ರಲ್ಲಿ ಕಟ್ಟಿದ ದೇವೀಲಾಲ್ ಸಾಮರ್ ವಿದ್ಯಾವಂತ ಜಾನಪದ ಸಂಘಟಕರು. ರಾಜಸ್ಥಾನದಲ್ಲಿ ಕಠ್‌ಪುತಲಿ ಗೊಂಬೆಗಳನ್ನು ಆಡಿಸುತ್ತ ಬಂದದ್ದು ಭಾಟ್ ಮನೆತನಗಳು. ಆ ಕಲೆಯನ್ನು ಯುರೋಪಿಗೆ ಒಯ್ದದ್ದು ಉದಯಪುರದ ಸಂಸ್ಥೆ. ಅಹಮದಾಬಾದಿನ ದರ್ಪಣ ಕಲಾಸಂಸ್ಥೆಯಲ್ಲಿ ಗೊಂಬೆಯಾಟ ಕಲಿಸಿದ ಮೆಹೆರ್ ಕಾಂಟ್ರಾಕ್ಟರ್ ಕೂಡ ಪರಂಪರೆಯ ಮೇಳದಿಂದ ಬಂದವರಲ್ಲ. ಪ್ರಾಗ್‌ನಲ್ಲಿ ಕಂಡ ನಕ್ಷೆಯೇ ಇಲ್ಲೂ ಮರುಕಳಿಸಿದೆ. ಕಲೆ ಒಬ್ಬರದು, ಅದರ ಪತ್ರವ್ಯವಹಾರ ಇನ್ನೊಬ್ಬರದು.

1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕವು. ಮರುವರ್ಷವೇ ಸಂಘ ತನ್ನ ನಲವತ್ತನೆಯ ವರ್ಷದ ಸಮ್ಮೇಳನವನ್ನು ಅದೇ ನಗರದಲ್ಲಿ ನಡೆಸಿ, ಬ್ರಿಟನ್ನಿನ ಜ್ಯಾನ್ ಬಸೆಲ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1972ರಲ್ಲಿ ಕಾರ್ಯದರ್ಶಿಯ ಹೊಣೆ ಪೋಲೆಂಡಿನ ಹೆನ್ರಿಕ್ ಯುರ್ಕೋವ್ಸ್ಕಿ ಅವರಿಗೆ ಬಂತು; ಮೇಜು ವಾರ್ಸಾಗೆ ಹೋಯಿತು. ಯುರ್ಕೋವ್ಸ್ಕಿ ಯುರೋಪಿನ ಗೊಂಬೆಯಾಟದ ದೊಡ್ಡ ಇತಿಹಾಸಕಾರರು, ಮುಂದೆ 1984ರಿಂದ 1992ರವರೆಗೆ ಅಧ್ಯಕ್ಷರೂ ಆದರು. ಬಸೆಲ್ ಮತ್ತು ಯುರ್ಕೋವ್ಸ್ಕಿ ಇವರಿಬ್ಬರ ನಡುವೆ ಎಂಟು ವರ್ಷ ಅಧ್ಯಕ್ಷರಾಗಿದ್ದವರು ಮಾಸ್ಕೋದ ಸೆರ್ಗೆಯ್ ಒಬ್ರಾಜ್ತ್ಸೋವ್. 1980ರಲ್ಲಿ ಅಮೆರಿಕ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿತಷ್ಟೆ. ಸೋವಿಯತ್ ಪ್ರಜೆ ಅಧ್ಯಕ್ಷರಾಗಿದ್ದ ಈ ಸಂಘದ ಸಮ್ಮೇಳನ ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ನಡೆಯಿತು. ಅಮೆರಿಕದ ಶಾಖೆಯನ್ನು 1966ರಲ್ಲಿ ಹುಟ್ಟುಹಾಕಿದವರು ಜಿಮ್ ಹೆನ್ಸನ್, ಮಪೆಟ್ ಗೊಂಬೆಗಳ ಜನಕ.

ಆ ಸಮ್ಮೇಳನ ಮೇಜನ್ನು ಮತ್ತೆ ಎತ್ತಿತು. ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿಬಂದ ಝಾಕ್ ಫೆಲಿಕ್ಸ್ ಫ್ರಾನ್ಸಿನ ಈಶಾನ್ಯ ಮೂಲೆಯ ಶಾರ್ಲ್‌ವಿಲ್-ಮೆಝಿಯೇರ್ ಎಂಬ ಊರಿನವರು. ಕವಿ ರ‍್ಯಾಂಬೋ ಹುಟ್ಟಿದ ಊರು ಎಂಬುದನ್ನು ಬಿಟ್ಟರೆ ಹೊರಗಿನವರಿಗೆ ಅದರ ಪರಿಚಯ ಕಡಿಮೆ. ಫೆಲಿಕ್ಸ್ ಹವ್ಯಾಸಿಗಳ ಗೊಂಬೆ ತಂಡ ಕಟ್ಟಿ, 1961ರಲ್ಲಿ ಉತ್ಸವ ಶುರುಮಾಡಿ, 1972ರಲ್ಲಿ ಯುನಿಮಾ ಸಮ್ಮೇಳನವನ್ನೇ ತಮ್ಮೂರಿಗೆ ಕರೆತಂದಿದ್ದರು. ಸಂಘದ ಕಚೇರಿ ಬಂದ ಬೆನ್ನಿಗೆ 1981ರಲ್ಲಿ ಅಂತರರಾಷ್ಟ್ರೀಯ ಗೊಂಬೆಯಾಟ ಸಂಸ್ಥೆ, 1987ರಲ್ಲಿ ಉನ್ನತ ಶಿಕ್ಷಣದ ಶಾಲೆ ಅಲ್ಲಿ ಎದ್ದವು. 1991ರಲ್ಲಿ ಹತ್ತು ಮೀಟರ್ ಎತ್ತರದ ಯಂತ್ರಗೊಂಬೆಯ ಗಡಿಯಾರ ನಿಂತಿತು. ಹಗಲಿಡೀ ಗಂಟೆಗೊಮ್ಮೆ ಪರದೆ ಸರಿದು ಅದರ ಒಡಲಲ್ಲಿ ಅಲ್ಲಿಯ ನಾಲ್ವರು ಸೋದರರ ಐತಿಹ್ಯದ ಒಂದು ತುಣುಕು ಆಡುತ್ತದೆ. ಫೆಲಿಕ್ಸ್ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದರು. ಆ ಅವಧಿಯಲ್ಲಿ ಅಧ್ಯಕ್ಷರು ಮೂವರು ಬದಲಾದರು. ಇಂಥ ಸಂಘವೊಂದನ್ನು ನಡೆಸುವವರು ಯಾರು ಎಂದು ಕೇಳಿದರೆ ಉತ್ತರ ಈ ಲೆಕ್ಕದಲ್ಲೇ ಇದೆ.

ಸಂಘದ ಆಡಳಿತದ ಕಟ್ಟು ಹೀಗಿದೆ: ಆಯಾ ದೇಶದಲ್ಲಿ ರಾಷ್ಟ್ರೀಯ ಕೇಂದ್ರ, ಸದಸ್ಯರು ಚಂದಾ ಕಟ್ಟುವುದು ಅಲ್ಲಿ. ಕೇಂದ್ರಗಳಿಂದ ಬಂದ ಪ್ರತಿನಿಧಿಗಳ ಪರಿಷತ್ತು, ಅದರ ಮೇಲೆ ಕಾರ್ಯಕಾರಿ ಸಮಿತಿ, ನಾಲ್ಕು ವರ್ಷಕ್ಕೊಮ್ಮೆ ಸಮ್ಮೇಳನ. ಶಿಕ್ಷಣ, ಪರಂಪರೆ, ಪ್ರಕಟಣೆ ಮುಂತಾದವಕ್ಕೆ ಬೇರೆ ಬೇರೆ ಆಯೋಗಗಳಿವೆ. ಅವುಗಳಲ್ಲಿ ದುಡಿಯುವವರಿಗೆ ಸಂಬಳವಿಲ್ಲ. ಈ ಬಡ ಯಂತ್ರದಿಂದ ಹೊರಬಂದ ಎರಡು ಕೆಲಸಗಳು ಉಳಿಯುವಂಥವು. ಒಂದು, ಮಾರ್ಚ್ 21ರ ವಿಶ್ವ ಗೊಂಬೆಯಾಟ ದಿನ. ಇರಾನಿನ ಜವಾದ್ ಝೊಲ್ಫಘಾರಿ 2000ದ ಮ್ಯಾಗ್ಡೆಬರ್ಗ್ ಸಮ್ಮೇಳನದಲ್ಲಿ ಇದನ್ನು ಸೂಚಿಸಿದರು, 2003ರಿಂದ ಆಚರಣೆ ನಡೆದಿದೆ. ಇನ್ನೊಂದು, ನನ್ನ ಲೆಕ್ಕದಲ್ಲಿ ಹೆಚ್ಚಿನದು, ಗೊಂಬೆಯಾಟದ ವಿಶ್ವಕೋಶ. 2009ರಲ್ಲಿ ಫ್ರೆಂಚಿನಲ್ಲಿ ದಪ್ಪ ಗ್ರಂಥವಾಗಿ ಬಂದು, ಆಮೇಲೆ ಫ್ರೆಂಚ್, ಇಂಗ್ಲಿಷ್, ಸ್ಪ್ಯಾನಿಷ್ ಮೂರರಲ್ಲೂ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಅಂತರ್ಜಾಲ ಆವೃತ್ತಿಯ ಸಂಪಾದಕಿ ಕರೆನ್ ಸ್ಮಿತ್ 2021ರಲ್ಲಿ ಅಧ್ಯಕ್ಷೆಯಾದರು. ಪತ್ರಿಕೆಯ ಸಂಪಾದಕ ವೆಸೆಲಿ, ಇತಿಹಾಸಕಾರ ಯುರ್ಕೋವ್ಸ್ಕಿ, ಕೋಶದ ಸಂಪಾದಕಿ ಸ್ಮಿತ್: ಈ ಸಂಘ ಮತ್ತೆ ಮತ್ತೆ ಬರೆಯುವವರನ್ನೇ ಮೇಲಕ್ಕೆತ್ತಿದೆ.

ಸ್ಮಿತ್ ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದವರು ದೆಹಲಿಯ ದಾದಿ ಪದಂಜಿ. 2008ರ ಪರ್ತ್ ಸಮ್ಮೇಳನದಲ್ಲಿ ಆರಿಸಿಬಂದ ಅವರು ಯುರೋಪಿನ ಹೊರಗಿನ ಮೊದಲ ಅಧ್ಯಕ್ಷರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ ಸ್ಟಾಕ್‌ಹೋಮಿನಲ್ಲಿ ಮೈಕೆಲ್ ಮೆಶ್ಕೆ ಅವರ ಬಳಿಯೂ ಕಲಿತು, 1986ರಲ್ಲಿ ಇಶಾರಾ ತಂಡ ಕಟ್ಟಿದವರು. ಚೆಂಗ್ಡು, ತೊಲೊಸಾ ಸಮ್ಮೇಳನಗಳಲ್ಲಿ ಮರುಆಯ್ಕೆಯಾದರು. 2020ರಲ್ಲಿ ಬಾಲಿಯಲ್ಲಿ ನಡೆಯಬೇಕಿದ್ದ ಸಮ್ಮೇಳನ ಕೊರೊನಾದಿಂದ ಮುಂದಕ್ಕೆ ಹೋಗಿ 2021ರಲ್ಲಿ ಪರದೆಯ ಮೇಲೆ ನಡೆದಾಗ ಅವರ ಅವಧಿ ಮುಗಿಯಿತು. ಪದಂಜಿ ಅವರಿಗೆ ಪದ್ಮಶ್ರೀ ಬಂದದ್ದು 2011ರಲ್ಲಿ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಅದೇ ಪ್ರಶಸ್ತಿ ಬಂದದ್ದು 2025ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ. ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸಲು ಈ ಎರಡು ಇಸವಿಗಳನ್ನು ಜೊತೆಗಿಟ್ಟದ್ದಲ್ಲ. ಸಂಸ್ಥೆಗಳ ಕಣ್ಣಿಗೆ ಬೇಗ ಬೀಳುವವರು ಯಾರು, ತಡವಾಗಿ ಬೀಳುವವರು ಯಾರು ಎಂಬುದು ಇದರಿಂದ ಕಾಣುತ್ತದೆ.

ಕರ್ನಾಟಕದ ಗೊಂಬೆಗಳು ಹೊರನಾಡು ಕಾಣದವೇನಲ್ಲ. ಕುಂದಾಪುರ ಬಳಿಯ ಉಪ್ಪಿನಕುದ್ರಿನ ಕೊಗ್ಗ ಕಾಮತರ ಯಕ್ಷಗಾನ ಗೊಂಬೆಗಳು, ಕೇದಗೆ ಮುಂದಲೆಯೋ ಕಿರೀಟವೋ ಹೊತ್ತು ಭಾಗವತರ ಪದಕ್ಕೆ ಮರದ ಕಾಲಲ್ಲಿ ದಿಗಿಣ ತೆಗೆಯುವಂಥವು, ವಿದೇಶದ ಉತ್ಸವಗಳಲ್ಲಿ ಮೆಚ್ಚುಗೆ ಪಡೆದಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಗಳದ್ದೂ ಅಂಥ ಹೆಸರು. ಆದರೆ ಉತ್ಸವಕ್ಕೆ ಹೋಗಿಬರುವುದು ಬೇರೆ, ಉತ್ಸವಕ್ಕೆ ಯಾರನ್ನು ಕರೆಯಬೇಕೆಂದು ಗೊತ್ತುಮಾಡುವ ಮೇಜಿನ ಬದಿಗೆ ಕೂರುವುದು ಬೇರೆ. ಅರ್ಜಿ ತುಂಬಲು, ಚಂದಾ ಕಟ್ಟಲು, ಆಯೋಗದ ಪತ್ರಕ್ಕೆ ಮಾರುತ್ತರ ಬರೆಯಲು ಬೇಕಾದ ಭಾಷೆ ಆಟದ ಭಾಷೆಯಲ್ಲ. ಇಟಲಿಯ ಪೂಪಿ, ಜಪಾನಿನ ಬುನ್‌ರಾಕು, ಇಂಡೋನೇಷ್ಯದ ವಯಾಂಗ್, ಜೆಕ್ ಮತ್ತು ಸ್ಲೊವಾಕ್ ಗೊಂಬೆಯಾಟ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿವೆ. ಭಾರತದ ಒಂದು ಗೊಂಬೆಯಾಟವೂ ಅಲ್ಲಿಲ್ಲ. ಆ ಪಟ್ಟಿಗೆ ಹೆಸರು ಕಳಿಸಬೇಕಾದದ್ದು ಸರ್ಕಾರ, ಯುನಿಮಾ ಅಲ್ಲ. ಆದರೂ ಕಡತ ಸಿದ್ಧಪಡಿಸುವ ವಿದ್ಯೆ ಈ ಸಂಘಕ್ಕೆ ತೊಂಬತ್ತು ವರ್ಷಗಳಿಂದ ಕರಗತ, ನಮ್ಮ ಮೇಳಗಳಿಗೆ ಅದು ದಕ್ಕಿಲ್ಲ.

ವಿಶ್ವಕೋಶದಲ್ಲಿ ತೊಗಲುಗೊಂಬೆಯಾಟದ ಮೇಲೆ ನಮೂದಿದೆ, ಸೂತ್ರದ ಗೊಂಬೆಯ ಮೇಲೂ ಇದೆ. ಪ್ಯಾರಿಸ್ಸಿನ, ಮೆಕ್ಸಿಕೋದ ವಿದ್ಯಾರ್ಥಿ ಅವನ್ನು ತನ್ನ ಭಾಷೆಯಲ್ಲಿ ಓದಿಕೊಳ್ಳಬಲ್ಲ. ಗೊಂಬೆ ಆಡಿಸುವ ಮನೆಯ ಮಕ್ಕಳಿಗೆ ಅವು ಕನ್ನಡದಲ್ಲಿ ಸಿಗಬೇಕು, ತಪ್ಪಿದ್ದರೆ ಅವರೇ ತಿದ್ದಿಸಬೇಕು. ಫ್ರೆಂಚ್, ಇಂಗ್ಲಿಷ್, ಸ್ಪ್ಯಾನಿಷ್ ಎಂಬ ಮೂರೇ ಭಾಷೆಯ ಕಟ್ಟು ಸಂಘದ ಕಾರ್ಯಕಲಾಪಕ್ಕೆ ಸಂಬಂಧಿಸಿದ್ದು, ಅನುವಾದಕ್ಕೆ ಅಡ್ಡಿಯಲ್ಲ. ಲೇಖನಗಳ ಅನುವಾದಕ್ಕೆ ಮುಂದಾಗುವ ಕೆಲಸವನ್ನು ಭಾರತದ ಕೇಂದ್ರವೋ ಇಲ್ಲಿಯ ಜಾನಪದ ವಿಶ್ವವಿದ್ಯಾಲಯವೋ ಕೈಗೆತ್ತಿಕೊಳ್ಳಬಹುದು. ಸಂಘಕ್ಕೆ ನೂರು ತುಂಬುವುದು 2029ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಮುಗಿಸಲಾಗದಷ್ಟು ದೊಡ್ಡ ಕೆಲಸವೇನೂ ಇದಲ್ಲ.