ಮೂರು ಪೊಟ್ಟಣದ ಕಾನೂನು

ಬ್ರಾಡ್‌ಫರ್ಡ್ ಎಂದರೆ ಈ ದೇಶದಲ್ಲಿರುವ ನಮ್ಮಲ್ಲಿ ಹಲವರಿಗೆ ಕರಿಬೇವು, ಮಾವಿನಹಣ್ಣು ಸಿಗುವ ಊರು. ಅದೇ ಊರಿನ ಮಾರುಕಟ್ಟೆಯಲ್ಲಿ 1858ರ ಅಕ್ಟೋಬರ್ 30ರ ಶನಿವಾರ ಮಾರಾಟವಾದ ಪೆಪ್ಪರ್‌ಮೆಂಟು ತಿಂದು ಸುಮಾರು ಇಪ್ಪತ್ತು ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಮೊದಲು ಸತ್ತ ಮಕ್ಕಳಿಗೆ ಕಾಲರಾ ಬಂದಿತ್ತೆಂದೇ ಎಲ್ಲರೂ ತಿಳಿದರು.

ಆಗ ಸಕ್ಕರೆ ದುಬಾರಿ. ಮಿಠಾಯಿ ಮಾಡುವವರು ಅದಕ್ಕೆ 'ಡ್ಯಾಫ್ಟ್' ಎಂಬ ಅಗ್ಗದ ಬಿಳಿಪುಡಿ ಬೆರೆಸುತ್ತಿದ್ದರು, ಅಂದರೆ ಸುಣ್ಣದಕಲ್ಲಿನ ಪುಡಿಯೋ ಜಿಪ್ಸಮ್ಮೋ. ಜೋಸೆಫ್ ನೀಲ್ ಎಂಬಾತ ಅದನ್ನು ತರಲು ಔಷಧದಂಗಡಿಗೆ ಆಳು ಕಳಿಸಿದ. ಅಂಗಡಿಯ ಯಜಮಾನ ಕಾಯಿಲೆ ಮಲಗಿದ್ದ. ಸಹಾಯಕ ಹುಡುಗ ತಪ್ಪು ಪೀಪಾಯಿಯಿಂದ 12 ಪೌಂಡು ಪಾಷಾಣ ತೂಗಿಕೊಟ್ಟ. ಮಿಠಾಯಿಯ ಬಣ್ಣ ಸರಿಯಿಲ್ಲವೆಂದು ಮಾರುವವನು ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡನಂತೆ! ಮೂವರ ಮೇಲೆ ಮೊಕದ್ದಮೆ ನಡೆಯಿತು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಪಾಷಾಣ ಕೈತಪ್ಪಿನಿಂದ ಬಂದದ್ದು. ಡ್ಯಾಫ್ಟ್ ಬೆರೆಸುವುದೋ, ದಿನನಿತ್ಯದ ವ್ಯಾಪಾರ.

ಕಲಬೆರಕೆಯ ವಿಷಯ ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಕಾಫಿಪುಡಿಗೆ ಚಿಕೋರಿ ಸೇರಿದೆಯೇ ಎಂದು ಯಾವ ಪರೀಕ್ಷೆಯಿಂದಲೂ ತಿಳಿಯದೆಂದು ಹಣಕಾಸು ಮಂತ್ರಿಗಳೇ ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಡಾ. ಆರ್ಥರ್ ಹಿಲ್ ಹ್ಯಾಸಲ್ ಸೂಕ್ಷ್ಮದರ್ಶಕ ಹಿಡಿದು ಅದನ್ನು ತೋರಿಸಿಕೊಟ್ಟರು. (ಚಿಕೋರಿ ಇಲ್ಲದ್ದು ಕಾಫಿಯೇ ಅಲ್ಲ ಎನ್ನುವವರು ನಮ್ಮ ಬಳಗದಲ್ಲೇ ಇದ್ದಾರೆ. ಆದರೆ ತಿಳಿದು ಕುಡಿಯುವುದೇ ಬೇರೆ.) 1851ರಿಂದ 'ಲ್ಯಾನ್ಸೆಟ್' ಪತ್ರಿಕೆ ಅವರ ವರದಿಗಳನ್ನು ಅಂಗಡಿಯವರ ಹೆಸರು, ವಿಳಾಸ ಸಮೇತ ಅಚ್ಚುಹಾಕಿತು.

1860ರಲ್ಲಿ ಕಾನೂನು ಬಂತು, ಆದರೆ ಹಲ್ಲಿಲ್ಲದ್ದು. ಪರೀಕ್ಷಕರನ್ನು ನೇಮಿಸುವುದು ಊರಾಡಳಿತದ ಇಷ್ಟಕ್ಕೆ ಬಿಟ್ಟದ್ದು, ನೇಮಿಸಿದ ಊರುಗಳು ಬೆರಳೆಣಿಕೆಯಷ್ಟು. ಅನುಮಾನ ಬಂದ ಗಿರಾಕಿಯೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬೇಕಿತ್ತು. ಕೂಲಿಯವನು ಒಂದು ಪೆನ್ನಿಯ ಮಿಠಾಯಿಗೆ ಶಿಲಿಂಗುಗಟ್ಟಲೆ ಕಟ್ಟಿಯಾನೇ? 1872ರ ಕಾನೂನಿನ ನಂತರವೇ ಇನ್‌ಸ್ಪೆಕ್ಟರುಗಳು ತಾವೇ ಅಂಗಡಿಗೆ ಹೋಗಿ ಮಾದರಿ ಕೊಳ್ಳತೊಡಗಿದ್ದು. 1875ರ ಕಾನೂನು ಆ ಮಾದರಿಯನ್ನು ಮೂರು ಪಾಲು ಮಾಡುವ ಕ್ರಮ ತಂದಿತು: ಒಂದು ವ್ಯಾಪಾರಿಗೆ, ಒಂದು ಪರೀಕ್ಷಕರಿಗೆ, ಇನ್ನೊಂದು ಜಗಳ ಬಿದ್ದರೆ ಬೇಕಾಗುತ್ತದೆಂದು ಇಟ್ಟುಕೊಳ್ಳಲು. ಇದು ಬ್ಯಾಕಪ್ ಎಂದು ಸಾಫ್ಟ್‌ವೇರಿನವರಾದ ನಮಗೆ ಬಿಡಿಸಿ ಹೇಳಬೇಕಿಲ್ಲ. ಪ್ರಾಮಾಣಿಕ ಅಂಗಡಿಯವನಿಗೂ ಇದರಿಂದ ರಕ್ಷಣೆಯಿತ್ತು. ಅಧಿಕಾರಿಯ ಮಾತೇ ಕೊನೆಯ ಮಾತಾಗಲಿಲ್ಲ.

ಭಾರತದಲ್ಲಿ ಮಂಗಳೂರು ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೆ 1918ರಲ್ಲಿ, ಧಾರವಾಡ ಸೇರಿದ್ದ ಮುಂಬಯಿ ಪ್ರಾಂತ್ಯಕ್ಕೆ 1925ರಲ್ಲಿ ಕಲಬೆರಕೆ ತಡೆ ಕಾನೂನುಗಳು ಬಂದವು. 1954ರ ಕೇಂದ್ರ ಕಾನೂನಿನಲ್ಲಿ ನಮ್ಮೂರ ಫುಡ್ ಇನ್‌ಸ್ಪೆಕ್ಟರು ಕಿರಾಣಿ ಅಂಗಡಿಯ ತೊಗರಿಬೇಳೆಯನ್ನೂ ಮೂರೇ ಪಾಲು ಮಾಡುತ್ತಿದ್ದರು. ಆದರೆ 1976ರ ತಿದ್ದುಪಡಿಯ ನಂತರ ಒಂದು ಪಾಲು ಪರೀಕ್ಷಕರಿಗೆ, ಉಳಿದೆರಡೂ ಆರೋಗ್ಯಾಧಿಕಾರಿಗೆ. ಅಂಗಡಿಯವನ ಕೈಗೆ ಏನೂ ಉಳಿಯುತ್ತಿರಲಿಲ್ಲ. 2006ರ ಕಾನೂನು ನಾಲ್ಕನೆಯ ಪಾಲು ಸೇರಿಸಿತು. ಅದನ್ನು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿ ಎಂದು ವ್ಯಾಪಾರಿ ಕೇಳಬಹುದು. ಇಂಗ್ಲೆಂಡಿನಲ್ಲಿ ಮಾತ್ರ ಇನ್ನೂ ಮೂರೇ.